ಮಳೆಗಾಲದಲ್ಲಿ ನಿಂತ ಗಾಡಿ, ಬೀಗ ಹಾಕಿದ ಮನೆ: ಬ್ಯಾಟರಿ ಸಾಯದಂತೆ ಕಾಯುವುದು ಹೇಗೆ?

ಸಿಗಂದೂರು: ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡಿತೆಂದರೆ ಮಲೆನಾಡಿನ ಅನೇಕ ಮನೆಗಳ ಶೆಡ್ಡುಗಳಲ್ಲಿ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳು ಟಾರ್ಪಾಲು ಹೊದ್ದು ನಿಲ್ಲುತ್ತವೆ. ತೋಟದ ಕೆಸರಿಗೆ ಗಾಡಿ ಇಳಿಸುವಂತಿಲ್ಲ, ಅಡಿಕೆ ಕೊಯ್ಲಿಗೆ ಇನ್ನೂ ತಿಂಗಳುಗಳಿವೆ. ದಸರೆಯ ಹೊತ್ತಿಗೆ ಟಾರ್ಪಾಲು ಸರಿಸಿ ಕೀಲಿ ತಿರುಗಿಸಿದರೆ 'ಟಕ್ ಟಕ್' ಎಂಬ ಸದ್ದಿನ ಹೊರತು ಬೇರೇನೂ ಕೇಳಿಸದು. ನಾಲ್ಕು ಜನ ಸೇರಿ ದೂಡಿ ಸ್ಟಾರ್ಟ್ ಮಾಡುವುದು, ಪೇಟೆಯ ಗ್ಯಾರೇಜಿಗೆ ಬ್ಯಾಟರಿ ಹೊತ್ತೊಯ್ದು ಚಾರ್ಜ್ ಹಾಕಿಸುವುದು, ಕೊನೆಗೆ ಹೊಸ ಬ್ಯಾಟರಿಗೆ ದುಡ್ಡು ತೆರುವುದು ಇಲ್ಲಿ ವರ್ಷವರ್ಷವೂ ನಡೆದುಬಂದಿರುವ ಸಂಗತಿ.

ಊರ ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿರುವವರ ಪಾಡೂ ಇದಕ್ಕಿಂತ ಭಿನ್ನವಲ್ಲ. ಹಬ್ಬಕ್ಕೆಂದು ಬಂದು ಬಾಗಿಲು ತೆಗೆದಾಗ ಇನ್‌ವರ್ಟರ್ ಮೌನವಾಗಿರುತ್ತದೆ. ನಗರದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನದೂ ಇದೇ ಕಥೆ. ಬಳಸದೆ ಇಟ್ಟ ವಸ್ತು ಸವೆಯುವುದಿಲ್ಲ ಎಂಬ ಸಾಮಾನ್ಯ ನಂಬಿಕೆ ಬ್ಯಾಟರಿಯ ಮಟ್ಟಿಗೆ ಸುಳ್ಳು. ಹಿತಮಿತವಾಗಿ ಬಳಸಿದ ಬ್ಯಾಟರಿಗಿಂತ ಸುಮ್ಮನೆ ಇಟ್ಟ ಬ್ಯಾಟರಿಯೇ ಬೇಗ ಸಾಯುತ್ತದೆ.

ಶರಾವತಿ ಹಿನ್ನೀರಿನ ಆಚೆಯ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಇದು ಕೇವಲ ಹಣದ ಪ್ರಶ್ನೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತ ಮೇಲೆ ಸಾಗರ ಪೇಟೆಗೆ ಬರಲು ತುಮರಿ, ಸಿಗಂದೂರು ಭಾಗದವರು ಹೊಳೆಬಾಗಿಲಿನ ಲಾಂಚನ್ನೇ ನೆಚ್ಚಿಕೊಂಡಿದ್ದರು. ಸಂಜೆ ಲಾಂಚ್ ನಿಂತಿತೆಂದರೆ ರೋಗಿಯನ್ನು ಸಾಗಿಸಲು ದೂರದ ಸುತ್ತುದಾರಿಯೊಂದೇ ಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು 2.44 ಕಿಲೋಮೀಟರ್ ಉದ್ದದ ಕೇಬಲ್ ಆಧಾರಿತ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಈಗ ನಡುರಾತ್ರಿಯಲ್ಲೂ ಹಿನ್ನೀರು ದಾಟಬಹುದು. ಆದರೆ ದಾಟಬೇಕಾದ ಗಾಡಿ ಮೊದಲು ಸ್ಟಾರ್ಟ್ ಆಗಬೇಕು. ಸುರಿವ ಮಳೆಯ ರಾತ್ರಿ, ಮರ ಬಿದ್ದು ಕರೆಂಟು ಹೋಗಿರುವಾಗ, ಅಕ್ಕಪಕ್ಕದ ಮನೆ ಅರ್ಧ ಮೈಲಿ ದೂರವಿರುವಾಗ ಇಳಿದುಹೋದ ಬ್ಯಾಟರಿ ಎಂದರೇನೆಂಬುದನ್ನು ಮಲೆನಾಡಿನ ಒಂಟಿಮನೆಗಳವರಿಗೆ ವಿವರಿಸಬೇಕಾಗಿಲ್ಲ.

ಒಳಗೆ ನಡೆಯುವುದೇನು?

ಕಾರು, ಟ್ರ್ಯಾಕ್ಟರ್, ಇನ್‌ವರ್ಟರ್ ಇವೆಲ್ಲದರಲ್ಲಿ ಬಹುಮಟ್ಟಿಗೆ ಇರುವುದು ಸೀಸ-ಆಮ್ಲದ ಬ್ಯಾಟರಿ. ಫ್ರಾನ್ಸ್‌ನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಇದನ್ನು ರೂಪಿಸಿದ ಬಳಿಕ ಮೂಲ ತತ್ವ ಬದಲಾಗಿಲ್ಲ. ಸೀಸದ ಫಲಕಗಳು ಸಾರರಿಕ್ತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. 12 ವೋಲ್ಟ್‌ನ ಬ್ಯಾಟರಿಯಲ್ಲಿ ಇಂತಹ ಆರು ಕೋಶಗಳಿದ್ದು, ಪ್ರತಿಯೊಂದೂ ಪೂರ್ಣ ಚಾರ್ಜ್ ಆದಾಗ ಸುಮಾರು 2.1 ವೋಲ್ಟ್ ಕೊಡುತ್ತದೆ. ವಿದ್ಯುತ್ ಹೊರಹೋದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಮತ್ತೆ ಕರಗಿ ಆಮ್ಲ ಗಟ್ಟಿಯಾಗುತ್ತದೆ.

ತೊಂದರೆ ಇರುವುದು ಈ ಸಲ್ಫೇಟಿನಲ್ಲೇ. ಹೊಸದಾಗಿ ಕೂತ ಸಲ್ಫೇಟ್ ಮೃದುವಾಗಿದ್ದು ಸುಲಭವಾಗಿ ಕರಗುತ್ತದೆ. ಬ್ಯಾಟರಿಯನ್ನು ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಅದು ಗಟ್ಟಿ ಹರಳುಗಳಾಗಿ ಫಲಕವನ್ನು ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಆ ಭಾಗ ಕೆಲಸಕ್ಕೆ ಬಾರದು. ಗ್ಯಾರೇಜಿನವರು 'ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ' ಎನ್ನುವುದು ಹೆಚ್ಚಾಗಿ ಇದಕ್ಕೇ. ಒಂದು ಸಲ ಇಳಿದದ್ದಕ್ಕಿಂತ, ಇಳಿದ ಮೇಲೆ ಹಾಗೆಯೇ ಬಿಟ್ಟದ್ದು ದೊಡ್ಡ ಅಪರಾಧ.

ಏನೂ ಜೋಡಿಸದೆ ಇಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತದೆ. ಇಂದಿನ ಕಾರುಗಳ 'ಮೇಂಟೆನೆನ್ಸ್ ಫ್ರೀ' ಬ್ಯಾಟರಿ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಿಂಗಳಿಗೆ ಶೇ 3ರಿಂದ 5ರಷ್ಟು ಕಳೆದುಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ಹಳೆಯ ಬಗೆಯವು ಇದರ ಎರಡು ಮೂರು ಪಟ್ಟು ಕಳೆದುಕೊಳ್ಳಬಲ್ಲವು. ತಾಪಮಾನ 10 ಡಿಗ್ರಿ ಹೆಚ್ಚಿದಂತೆಲ್ಲ ಈ ಸೋರಿಕೆ ಸುಮಾರು ಇಮ್ಮಡಿಯಾಗುತ್ತದೆ. ಈ ಒಂದು ವಿಷಯದಲ್ಲಿ ಮಳೆಗಾಲದ ಮಲೆನಾಡು ಅದೃಷ್ಟಶಾಲಿ. ಕಲಬುರ್ಗಿಯ ಬೇಸಿಗೆಯಲ್ಲಿ ನಿಂತ ಬ್ಯಾಟರಿಗಿಂತ ತೀರ್ಥಹಳ್ಳಿಯ ಆಷಾಢದಲ್ಲಿ ನಿಂತ ಬ್ಯಾಟರಿ ನಿಧಾನವಾಗಿ ಇಳಿಯುತ್ತದೆ.

ಹಾಗಾದರೆ ಒಂದೇ ತಿಂಗಳಲ್ಲಿ ಗಾಡಿ ಮಲಗುವುದೇಕೆ?

ಕೀಲಿ ತೆಗೆದರೂ ಗಾಡಿ ಪೂರ್ತಿ ನಿದ್ರಿಸುವುದಿಲ್ಲ ಎಂಬುದೇ ಉತ್ತರ. ಗಡಿಯಾರ, ಸೆಂಟ್ರಲ್ ಲಾಕ್, ಕಳ್ಳರ ಎಚ್ಚರಿಕೆಯ ಅಲಾರಾಂ, ಎಂಜಿನ್ನಿನ ಕಂಪ್ಯೂಟರ್, ಸ್ಟೀರಿಯೋದ ನೆನಪು ಇವೆಲ್ಲ ಸದಾ ಒಂದಿಷ್ಟು ವಿದ್ಯುತ್ ಹೀರುತ್ತಲೇ ಇರುತ್ತವೆ. ಇದು ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್. ಕೇಳಲು ತೀರಾ ಅಲ್ಪ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 30 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 0.72 ಆಂಪಿಯರ್-ಅವರ್, 30 ದಿನಕ್ಕೆ 21.6. ಸಣ್ಣ ಕಾರಿನ ಬ್ಯಾಟರಿಯ ಸಾಮರ್ಥ್ಯವೇ ಸುಮಾರು 35 ಆಂಪಿಯರ್-ಅವರ್. ಎಂದರೆ ಒಂದು ತಿಂಗಳಲ್ಲಿ ಶೇ 60ಕ್ಕೂ ಮಿಕ್ಕಿ ಖಾಲಿ. ಬ್ಯಾಟರಿ ಎರಡು ಮೂರು ವರ್ಷ ಹಳೆಯದಾಗಿದ್ದರೆ ಅಷ್ಟಕ್ಕೇ ಸೆಲ್ಫ್ ಎತ್ತುವುದಿಲ್ಲ.

ಇದರ ಮೇಲೆ ಮಾಲೀಕರು ಹೊರಗಿನಿಂದ ಹಾಕಿಸಿದ ಸಲಕರಣೆಗಳ ಭಾರ ಬೇರೆ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾ, ಸರಿಯಾಗಿ ಜೋಡಿಸದ ಆಂಪ್ಲಿಫೈಯರ್ ಇವು ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಎಳೆಯುತ್ತವೆ. ಬಾಗಿಲು ಸರಿಯಾಗಿ ಮುಚ್ಚದೆ 5 ವಾಟ್‌ನ ಒಳದೀಪವೊಂದು ಉರಿಯುತ್ತಿದ್ದರೂ ದಿನಕ್ಕೆ 10 ಆಂಪಿಯರ್-ಅವರ್ ಹೋಗುತ್ತದೆ. ಮೂರೂವರೆ ದಿನಕ್ಕೆ ಬ್ಯಾಟರಿ ಬರಿದು. ಡೈನಮೋದ ಡಯೋಡ್ ಕೆಟ್ಟಿದ್ದರೂ ಇದೇ ಗತಿ.

ಮಲೆನಾಡಿನದೇ ಆದ ಇನ್ನೊಂದು ಸೋರಿಕೆ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಇದೇ ಸಾಲಿನದು. ಒಗೆದ ಬಟ್ಟೆ ಒಲೆಯ ಮೇಲೆ ಒಣಗಿಸಬೇಕಾದ ಈ ಥಂಡಿಯಲ್ಲಿ ಬ್ಯಾಟರಿಯ ನೆತ್ತಿಯ ಮೇಲೆ ಕೂತ ಧೂಳು, ಆಮ್ಲದ ಆವಿ, ತೇವ ಮೂರೂ ಸೇರಿ ಎರಡು ಟರ್ಮಿನಲ್‌ಗಳ ನಡುವೆ ಸಣ್ಣದೊಂದು ದಾರಿ ಮಾಡಿಕೊಡುತ್ತವೆ. ವಿದ್ಯುತ್ ಅದರ ಮೂಲಕವೂ ಸೋರುತ್ತದೆ. ಟರ್ಮಿನಲ್ ಮೇಲೆ ಬೆಳೆಯುವ ಬಿಳಿ-ಹಸಿರು ಪುಡಿಯಂತೂ ಎಲ್ಲರಿಗೂ ಪರಿಚಿತ. ಅದು ಚಾರ್ಜ್ ಒಳಹೋಗುವುದಕ್ಕೂ ಅಡ್ಡಿ.

ಗಾಡಿ ನಿಲ್ಲಿಸುವ ಮುನ್ನ

ಮೊದಲ ಕೆಲಸ, ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡುವುದು. ಅರ್ಧ ತುಂಬಿದ್ದನ್ನು ಎಷ್ಟು ಜೋಪಾನವಾಗಿ ಇಟ್ಟರೂ ಪ್ರಯೋಜನ ಕಡಿಮೆ. ಎಷ್ಟು ತುಂಬಿದೆ ಎಂದು ತಿಳಿಯಲು ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಸಾಕು. ಗಾಡಿ ಆರಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಪೂರ್ಣ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0ಕ್ಕೆ ಬಂದರೆ ಕಾಲುಭಾಗ ಮಾತ್ರ ಉಳಿದಿದೆ ಎಂದರ್ಥ. 12.4ಕ್ಕಿಂತ ಕೆಳಗೆ ಇಳಿಯಲು ಬಿಡಬಾರದೆಂಬುದು ಪಾಲಿಸಬೇಕಾದ ನಿಯಮ. ಗಾಡಿ ಆರಿಸಿದ ತಕ್ಷಣ ಅಳೆದರೆ ಸುಳ್ಳು ಏರಿಕೆ ಕಾಣುತ್ತದೆ, ಅದಕ್ಕೆ ಮರುಳಾಗಬಾರದು.

ಎರಡನೆಯದಾಗಿ ನೆಗೆಟಿವ್ ಕೇಬಲ್ ಕಳಚಿಡುವುದು. ಸ್ಪ್ಯಾನರ್ ಒಂದಿದ್ದರೆ ಎರಡು ನಿಮಿಷದ ಕೆಲಸ, ಕಾಸು ಖರ್ಚಿಲ್ಲ, ಮೇಲೆ ಹೇಳಿದ 21.6 ಆಂಪಿಯರ್-ಅವರ್‌ನ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಈ ಲೇಖನದಿಂದ ಓದುಗರು ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನೇ ನೆನಪಿಡಬೇಕು. ಕಳಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಕಾರಣ ಸರಳ. ಗಾಡಿಯ ಮೈಯೆಲ್ಲ ನೆಗೆಟಿವ್‌ಗೆ ಸೇರಿರುತ್ತದೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾನೆಟ್ಟಿನ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರ್ ಕಾದು ಕೈ ಸುಡಬಹುದು. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ.

ಕೇಬಲ್ ಕಳಚಿದರೆ ಗಡಿಯಾರ ಮತ್ತೆ ಹೊಂದಿಸಬೇಕು, ಕೆಲವು ಸ್ಟೀರಿಯೋಗಳು ಗುಪ್ತಸಂಖ್ಯೆ ಕೇಳುತ್ತವೆ, ಅಲಾರಾಂ ಕೆಲಸ ಮಾಡುವುದಿಲ್ಲ. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಡಿಕ್ಕಿಯನ್ನು ಕೀಲಿಯಿಂದ ತೆರೆಯಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಜಾಣತನ. ಪದೇಪದೇ ಬಿಚ್ಚುವ ಕಿರಿಕಿರಿ ಬೇಡವೆಂದರೆ ಟ್ರ್ಯಾಕ್ಟರ್, ಲಾರಿಗಳಿಗೆ ಹಾಕುವ ಕಟ್ ಆಫ್ ಸ್ವಿಚ್ ಹಾಕಿಸಬಹುದು.

ಆಮೇಲೆ ಸ್ವಚ್ಛತೆ. ಅಡುಗೆ ಸೋಡಾ ಕದಡಿದ ನೀರಿನಿಂದ ಟರ್ಮಿನಲ್ ಮತ್ತು ನೆತ್ತಿಯನ್ನು ಒರೆಸಿ, ಶುದ್ಧ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಒಣಗಿಸಿ, ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಸೋಡಾ ನೀರು ಕೋಶಗಳ ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಮುಚ್ಚಳ ತೆಗೆಯುವ ಬಗೆಯ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಗುರುತಿನ ಮಟ್ಟಕ್ಕೆ ಇದೆಯೇ ನೋಡಬೇಕು. ಬಾವಿ ನೀರು, ನಲ್ಲಿ ನೀರು ಕೂಡದು. ಅವುಗಳಲ್ಲಿನ ಲವಣಗಳು ಫಲಕಗಳಿಗೆ ವಿಷ. 'ಗ್ರಾವಿಟಿ ಕಡಿಮೆಯಾಗಿದೆ' ಎಂದು ಆಮ್ಲ ಸುರಿಯುವುದು ಇನ್ನೂ ಕೆಟ್ಟದ್ದು. ಚಾರ್ಜ್ ಇಳಿದಿದ್ದರಿಂದ ಗ್ರಾವಿಟಿ ಇಳಿದಿದೆಯೇ ಹೊರತು ಆಮ್ಲ ಎಲ್ಲಿಗೂ ಹೋಗಿಲ್ಲ.

ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ನೆಲ ಚಾರ್ಜ್ ಹೀರುತ್ತದೆ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಮರದ ಮತ್ತು ಗಟ್ಟಿ ರಬ್ಬರಿನ ಪೆಟ್ಟಿಗೆಗಳ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅನ್ವಯಿಸದು. ಆದರೂ ನೀರೊಸರುವ ನೆಲದಿಂದ ಮೇಲೆ, ಹಲಗೆಯೊಂದರ ಮೇಲಿಡುವುದು ಮಲೆನಾಡಿನಲ್ಲಿ ಒಳ್ಳೆಯ ಅಭ್ಯಾಸವೇ ಸರಿ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಲದೇ?

ಬಹುತೇಕರು ಮಾಡುವುದು ಇದನ್ನೇ. ಭಾನುವಾರ ಬೆಳಿಗ್ಗೆ ಐದು ನಿಮಿಷ ಎಂಜಿನ್ ಓಡಿಸಿ ಆರಿಸಿಬಿಡುವುದು. ಸ್ಟಾರ್ಟ್ ಮಾಡಲು ಖರ್ಚಾಗುವ ವಿದ್ಯುತ್ ನಿಜಕ್ಕೂ ಕಡಿಮೆಯೇ. ಕೆಲವೇ ಕ್ಷಣಗಳ ಎಳೆತ. ಆದರೆ ಹಿಂದಿನ ಏಳು ದಿನಗಳಲ್ಲಿ ಸೋರಿದ ಐದಾರು ಆಂಪಿಯರ್-ಅವರ್ ಐದು ನಿಮಿಷದಲ್ಲಿ ವಾಪಸು ಬರುವುದಿಲ್ಲ. ಐಡಲ್‌ನಲ್ಲಿ ಡೈನಮೋ ಪೂರ್ಣ ಶಕ್ತಿಯಿಂದ ತಿರುಗುವುದೂ ಇಲ್ಲ. ಹೀಗೆ ಪ್ರತಿವಾರ ಸ್ವಲ್ಪ ಸ್ವಲ್ಪವೇ ಕೊರತೆ ಬೀಳುತ್ತ ಹೋಗುತ್ತದೆ. ಜತೆಗೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲಿ, ಆಯಿಲ್‌ನಲ್ಲಿ ನೀರಿನ ಅಂಶ ಉಳಿಯುತ್ತದೆ. ಓಡಿಸುವುದಾದರೆ ಮುಕ್ಕಾಲು ಗಂಟೆಯಾದರೂ ರಸ್ತೆಯ ಮೇಲೆ ಓಡಿಸಬೇಕು. ಸಾಧ್ಯವಿಲ್ಲವೆಂದರೆ ಕೇಬಲ್ ಕಳಚಿ ಸುಮ್ಮನಿರುವುದೇ ಲೇಸು.

ಇನ್ನೊಂದು ದಾರಿ ಎಂದರೆ ತಾನೇ ತಾನಾಗಿ ನಿಲ್ಲುವ ಸ್ಮಾರ್ಟ್ ಚಾರ್ಜರ್. ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜನ್ನು 13.5ರಿಂದ 13.8ರ ಆಸುಪಾಸಿಗೆ ಇಳಿಸಿ, ಸೋರಿದಷ್ಟನ್ನು ಮಾತ್ರ ತುಂಬುತ್ತಿರುತ್ತದೆ. ಹಳೆಯ ಬಗೆಯ ಸಾಮಾನ್ಯ ಚಾರ್ಜರನ್ನು ಹೀಗೆ ಬಿಟ್ಟುಹೋದರೆ ನೀರು ಕುದಿದು ಆರಿ ಬ್ಯಾಟರಿ ಬೇರೆಯೇ ರೀತಿಯಲ್ಲಿ ಸಾಯುತ್ತದೆ. ಸಾಮಾನ್ಯ ಚಾರ್ಜರ್ ಬಳಸುವವರು 35 ಆಂಪಿಯರ್-ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರ್‌ನಂತೆ ನಿಧಾನವಾಗಿ, ಹತ್ತು ಹನ್ನೆರಡು ಗಂಟೆ ಕಾಲ ಚಾರ್ಜ್ ಮಾಡಿ ಕಳಚಬೇಕು. ಗ್ಯಾರೇಜಿನ ಒಂದು ತಾಸಿನ 'ಫಾಸ್ಟ್ ಚಾರ್ಜ್' ಆ ಹೊತ್ತಿನ ತುರ್ತಿಗೆ ಮಾತ್ರ.

ಬೀಗ ಹಾಕಿದ ಮನೆಯ ಇನ್‌ವರ್ಟರ್

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆ ವಿದ್ಯುತ್ತಿಗಾಗಿ ನೆಲ ಕಳೆದುಕೊಂಡ ಊರುಗಳಲ್ಲೇ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲೆ ಕವಿಯುವುದು ಹೊಸತಲ್ಲ. ಹೀಗಾಗಿ ಇನ್‌ವರ್ಟರ್ ಇಲ್ಲಿ ಐಷಾರಾಮವಲ್ಲ.

ಮನೆಗೆ ಬೀಗ ಹಾಕುವವರು ಇನ್‌ವರ್ಟರನ್ನು ಚಾಲೂ ಇಟ್ಟೇ ಹೋಗುತ್ತಾರೆ. ಒಂದೂ ದೀಪ ಉರಿಯದಿದ್ದರೂ ಕರೆಂಟು ಹೋದಾಗ ಇನ್‌ವರ್ಟರ್ ತನ್ನ ಸ್ವಂತಕ್ಕೇ ಒಂದಷ್ಟು ವಿದ್ಯುತ್ ಬಳಸುತ್ತದೆ. ಮಾದರಿಯಿಂದ ಮಾದರಿಗೆ ಇದು ಬೇರೆಯಾದರೂ ಒಂದು ಆಂಪಿಯರ್ ಎಂದು ಹಿಡಿದರೆ ದಿನಕ್ಕೆ 24 ಆಂಪಿಯರ್-ಅವರ್. 150 ಆಂಪಿಯರ್-ಅವರ್‌ನ ದೊಡ್ಡ ಬ್ಯಾಟರಿಯೂ ಆರು ದಿನಕ್ಕೆ ಮುಗಿಯಿತು. ಲೈನ್‌ಮನ್ ಬಂದು ತಂತಿ ಸರಿಪಡಿಸಿದರೂ ಮನೆಯ ಎಂಸಿಬಿ ಬಿದ್ದಿದ್ದರೆ ಅದನ್ನು ಎತ್ತುವವರಿಲ್ಲ. ಹತ್ತು ಸಾವಿರ ರೂಪಾಯಿಗೂ ಮೇಲ್ಪಟ್ಟ ಬ್ಯಾಟರಿ ಸಲ್ಫೇಟ್ ಕಟ್ಟಿಕೊಂಡು ಕೂತಿರುತ್ತದೆ.

ಆದ್ದರಿಂದ ಹೊರಡುವ ಮುನ್ನ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪೂರ್ಣ ಚಾರ್ಜ್ ಮಾಡಿ, ಇನ್‌ವರ್ಟರಿನ ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಬೇಕು. ಮುಂದಿನ ಸ್ವಿಚ್ ಆರಿಸಿದರೆ ಸಾಕೆಂದು ತಿಳಿಯಬಾರದು. ಇನ್‌ವರ್ಟರ್‌ಗಳಿಗೆ ಬಳಸುವ ಟ್ಯೂಬುಲರ್ ಬ್ಯಾಟರಿ ಪೂರ್ಣ ಚಾರ್ಜ್‌ನಲ್ಲಿ 1.240ರಷ್ಟು ಗ್ರಾವಿಟಿ ತೋರಿಸುತ್ತದೆ. ಹೀಗಿಟ್ಟರೆ ಎರಡು ತಿಂಗಳ ಮಟ್ಟಿಗೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಕಾಲವಾದರೆ ಕೀಲಿ ಇಟ್ಟುಕೊಂಡ ನೆಂಟರೋ ನೆರೆಯವರೋ ತಿಂಗಳಿಗೊಮ್ಮೆ ಬಂದು ಒಂದು ದಿನ ಜೋಡಿಸಿ ಚಾರ್ಜ್ ಮಾಡಿ ಕಳಚುವ ಏರ್ಪಾಡು ಬೇಕು.

ಮರೆತೇಹೋಗುವ ಸಣ್ಣ ಬ್ಯಾಟರಿಗಳು

ತೋಟಿಗರ ಮನೆಯ ಬೆನ್ನಿಗೆ ಹಾಕುವ ಸ್ಪ್ರೇಯರಿನಲ್ಲಿ ಬಹುತೇಕ 12 ವೋಲ್ಟ್‌ನ ಸಣ್ಣ ಸೀಲ್ಡ್ ಬ್ಯಾಟರಿ ಇರುತ್ತದೆ. ಔಷಧಿ ಹೊಡೆದು ಮುಗಿದ ದಿನ ಖಾಲಿಯಾದ ಸ್ಥಿತಿಯಲ್ಲೇ ಅಟ್ಟ ಸೇರಿದರೆ ಮುಂದಿನ ವರ್ಷ ಅದು ಬದುಕಿರುವುದಿಲ್ಲ. ತೊಳೆದಿಡುವ ದಿನವೇ ಪೂರ್ತಿ ಚಾರ್ಜ್ ಮಾಡಿ, ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಿದರೆ ಸಾಕು.

ಕಾಡುಹಂದಿ ತಡೆಯುವ ಸೋಲಾರ್ ಬೇಲಿ, ನಮ್ಮವರ ಬಾಯಲ್ಲಿ 'ಐಬೆಕ್ಸ್', ಇದರ ಬ್ಯಾಟರಿಗೆ ಮಳೆಗಾಲವೇ ಪರೀಕ್ಷೆಯ ಕಾಲ. ವಾರಗಟ್ಟಲೆ ಬಿಸಿಲಿಲ್ಲ, ಪ್ಯಾನೆಲ್ ಮೇಲೆ ಪಾಚಿ ಮತ್ತು ಎಲೆ. ಪ್ಯಾನೆಲ್ ಒರೆಸುತ್ತಿರಬೇಕು, ಬಿಸಿಲು ಕಾಣದ ದಿನಗಳು ಮುಂದುವರಿದರೆ ಬ್ಯಾಟರಿಯನ್ನು ಮನೆಗೆ ತಂದು ಚಾರ್ಜ್ ಹಾಕಬೇಕು. ನಿಂತ ಗಾಡಿಯ ಮೇಲೆ ಸಣ್ಣ ಸೋಲಾರ್ ಪ್ಯಾನೆಲ್ ಇಟ್ಟು ಬ್ಯಾಟರಿ ಕಾಯುವ ಉಪಾಯ ಬಯಲುಸೀಮೆಗೆ ಚೆನ್ನ. ಆಷಾಢದ ಮಲೆನಾಡಿನಲ್ಲಿ ಅದನ್ನೊಂದನ್ನೇ ನಂಬಿ ಕೂರುವಂತಿಲ್ಲ.

ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿಗೆ ನಿಯಮ ತಿರುವುಮುರುವು. ಅದನ್ನು ಪೂರ್ಣ ತುಂಬಿ ಇಡಬಾರದು, ಪೂರ್ಣ ಖಾಲಿಯಾಗಿಯೂ ಇಡಬಾರದು. ಶೇ 50ರಿಂದ 60ರಷ್ಟು ಚಾರ್ಜ್‌ನಲ್ಲಿ, ಬಿಸಿಲು ತಾಗದ ಕಡೆ ಇಟ್ಟು ತಿಂಗಳಿಗೊಮ್ಮೆ ನೋಡುತ್ತಿರಬೇಕು. ಅದರೊಳಗಿನ ಕಾವಲು ಮಂಡಲವೂ ಅಷ್ಟಿಷ್ಟು ವಿದ್ಯುತ್ ಬಳಸುತ್ತದೆ. ಸೊನ್ನೆಗೆ ಇಳಿಸಿ ತಿಂಗಳುಗಟ್ಟಲೆ ಬಿಟ್ಟ ಪ್ಯಾಕ್ ಮತ್ತೆ ಚಾರ್ಜ್ ತೆಗೆದುಕೊಳ್ಳದೆ ಹೋಗಬಹುದು.

ಅಡುಗೆಮನೆ, ಹಾಸಿಗೆಗಳನ್ನೆಲ್ಲ ಹೊತ್ತ ಕ್ಯಾರವಾನ್‌ಗಳಲ್ಲಿ ಎಂಜಿನ್ನಿಗೊಂದು, ಒಳಗಿನ ದೀಪ-ಫ್ಯಾನುಗಳಿಗೊಂದು ಎಂದು ಎರಡು ಬ್ಯಾಟರಿಗಳಿರುತ್ತವೆ. ಎರಡನ್ನೂ ಕಳಚಬೇಕು. ಗ್ಯಾಸ್ ಸೋರಿಕೆ ಪತ್ತೆ ಮಾಡುವ ಸಲಕರಣೆಯಂಥವು ಮುಖ್ಯ ಸ್ವಿಚ್ ಆರಿಸಿದರೂ ಎಚ್ಚರವಿರುವುದುಂಟು. ಅಮೆರಿಕ, ಕೆನಡಾಗಳಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಇಂತಹ ಮನೆಗಳನ್ನು ಹಿಮಗಾಲದಲ್ಲಿ ನಿಲ್ಲಿಸಿಡುತ್ತಾರೆ. ಅಲ್ಲಿನ ಕನ್ನಡಿಗರಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ತುಂಬಿದ ಬ್ಯಾಟರಿ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಖಾಲಿ ಬ್ಯಾಟರಿಯ ಆಮ್ಲ ನೀರಿನಷ್ಟು ತೆಳುವಾಗಿರುವುದರಿಂದ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಾಗುವಷ್ಟರಲ್ಲೇ ಹೆಪ್ಪುಗಟ್ಟಿ ಪೆಟ್ಟಿಗೆ ಬಿರಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಬ್ಯಾಟರಿ ಇಳಿಯುತ್ತಿದ್ದರೆ ಗಾಡಿಯಲ್ಲೇ ಎಲ್ಲೋ ಸೋರಿಕೆಯಿದೆ ಎಂದರ್ಥ. ನೆಗೆಟಿವ್ ಟರ್ಮಿನಲ್ ಮತ್ತು ಕೇಬಲ್ಲಿನ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಗುರುತಿನಲ್ಲಿಟ್ಟು, ಗಾಡಿಯ ಕಂಪ್ಯೂಟರುಗಳು ನಿದ್ರೆಗೆ ಜಾರಲು ಅರ್ಧ ತಾಸು ಬಿಟ್ಟು ನೋಡಬೇಕು. 50 ಮಿಲಿ ಆಂಪಿಯರ್ ಮೀರಿದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಆ ದಾರಿಯಲ್ಲೇ ಕಳ್ಳನಿದ್ದಾನೆ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಕೈ ಹಿಡಿಯದವರು ಆಟೋ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸುವುದು ಕ್ಷೇಮ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊಮ್ಮುವ ಜಲಜನಕ ಸಣ್ಣ ಕಿಡಿಗೂ ಸ್ಫೋಟಿಸಬಲ್ಲದು. ಮಳೆಗೆ ಹೆದರಿ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಬಚ್ಚಲ ಒಲೆಯ ಪಕ್ಕದಲ್ಲಿ, ದೇವರ ದೀಪದ ಬಳಿ ಚಾರ್ಜ್ ಹಾಕುವುದು ಅಪಾಯಕಾರಿ. ಗಾಳಿಯಾಡುವ ಜಗಲಿಯೋ ಶೆಡ್ಡೋ ಆಗಬೇಕು, ಹತ್ತಿರ ಬೀಡಿ ಸೇದಬಾರದು. ಆಮ್ಲ ಮೈಗೆ, ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಉಳಿಸಿಕೊಳ್ಳಲಾಗದ ಬ್ಯಾಟರಿಯನ್ನು ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳುವವರೂ, ಆಮ್ಲವನ್ನು ಹಳ್ಳಕ್ಕೆ ಚೆಲ್ಲುವವರೂ ಇದ್ದಾರೆ. ಸೀಸ ನೀರಿಗೆ ಸೇರಿದರೆ, ಮುಖ್ಯವಾಗಿ ಮಕ್ಕಳ ಮಿದುಳಿಗೆ ಮಾರಕ. 2001ರ ನಿಯಮಗಳ ಜಾಗಕ್ಕೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸತನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಮರಳಿಸಿದರೆ ಬೆಲೆಯಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ. ಆಮ್ಲ ಚೆಲ್ಲದೆ, ಬ್ಯಾಟರಿ ಇದ್ದ ಹಾಗೆಯೇ ಒಯ್ಯಬೇಕು.